ಎಳೆ ಕುದ್ರಿಗೆ ಲಗಾಮು ರೂಢಿ ಮಾಡಸೋದು: ಹಾಕೋದಕ್ಕಿಂತ ತಗಿಯೋದ ದೊಡ್ಡ ಕೆಲಸ

ಹುಬ್ಬಳ್ಳಿ ಧಾರವಾಡದಾಗ ಟಾಂಗಾ ಈಗ ಹುಡುಕಿದ್ರೂ ಸಿಗೋದು ಕಷ್ಟ, ಆದ್ರ ಕುದ್ರಿ ಮಾತ್ರ ಹೋಗಿಲ್ಲ. ಮದವಿ ಮೆರವಣಿಗಿಗೆ ಅಂತ ಸಾಕಿದವರು ಅದಾರ, ಜಾತ್ರಿಯೊಳಗ ಕುಣಸಾಕ ಅಂತ ಸಾಕಿದವರು ಅದಾರ, ಗದಗ ಹಾವೇರಿ ಕಡೆ ಹಳ್ಳಿಯೊಳಗ ಸುಮ್ನ ಹುರುಪಿಗೆ ಒಂದ ಮರಿ ತಂದು ಕಟ್ಟಿದವರೂ ಅದಾರ. ಮರಿ ಸಣ್ಣದಿದ್ದಾಗ ಎಲ್ಲಾ ಚಂದ, ಹುಡುಗ್ರು ಬೆಲ್ಲ ತಿನ್ನಸ್ತಾರ, ಸೆಲ್ಫಿ ತಕ್ಕೋತಾರ, ಎರಡು ವರ್ಷ ದಾಟಿ ಲಗಾಮು ಹಾಕೋ ದಿನ ಬಂತು ಅಂದ್ರ ಒಬ್ಬ ಕಿವಿ ಹಿಡಿತಾನ, ಒಬ್ಬ ಹಗ್ಗ ಎಳಿತಾನ, ಮೂರನೇದವ "ಕಾಕಾ, ಗಟ್ಟಿ ಹಿಡಿ, ನಾ ತುರುಕಿಬಿಡ್ತೀನಿ" ಅಂತ ಕಬ್ಬಿಣ ಹಿಡಕೊಂಡು ಬಾಯಿ ಮುಂದ ನಿಂತಿರ್ತಾನ. ತುರುಕಿದ್ರ ಆವತ್ತು ಒಳಗ ಹೋಗ್ತೈತಿ, ಸುಳ್ಳಲ್ಲ. ಆದ್ರ ಮರುದಿನದಿಂದ ಲಗಾಮು ಕಂಡಕೂಡ್ಲೆ ತಲಿ ಮುಗಿಲಿಗೆ ಎತ್ತೋದನ್ನ ಕುದ್ರಿ ಕಲ್ತಿರ್ತೈತಿ, ಅದನ್ನ ಬಿಡಸಾಕ ತಿಂಗಳಾನುಗಟ್ಟಲೆ ಬೇಕು.

ನಾ ಇಲ್ಲಿ ಬರಿಯೋದು ಆ ಕುಸ್ತಿ ಇಲ್ಲದ ದಾರಿ. ಓದೂಕಿಂತ ಮೊದ್ಲ ಒಂದ ತಲ್ಯಾಗ ಇಟ್ಕೊರಿ, ಕುದ್ರಿ ಲಗಾಮು ದ್ವೇಷ ಮಾಡೋದು ಹಾಕೋವಾಗ ಆದ ತ್ರಾಸಿಂದ ಅಷ್ಟ ಅಲ್ಲ, ತಗಿಯುವಾಗ ಕಬ್ಬಿಣ ಹಲ್ಲಿಗೆ ಬಡದಿದ್ದರಿಂದನೂ. ಅದಕ್ಕ ಆಮ್ಯಾಲ ಬರ್ತೀನಿ.

ಮೊದ್ಲ ಬಾಯಿ ತೋರಸ್ರಿ. ಇದನ್ನ ಯಾರೂ ಮಾಡಂಗಿಲ್ಲ. ಕುದ್ರಿ ಬಾಯ್ಯಾಗ ಮುಂದಿನ ಹಲ್ಲು ಮುಗದ ಮ್ಯಾಲ ಹಿಂದಿನ ದವಡಿ ಹಲ್ಲು ಶುರು ಆಗೋತನಕ ಹಲ್ಲಿಲ್ಲದ ಒಂದು ಖಾಲಿ ಜಾಗ ಇರ್ತೈತಿ, ಕಡಿವಾಣದ (ಲಗಾಮಿನಾಗ ಬಾಯೊಳಗ ಹೋಗೋ ತುಂಡು) ಕಬ್ಬಿಣ ಕೂಡೋದು ಆ ಬರೇ ಒಸಡಿನ ಮ್ಯಾಲ, ನಾಲಗಿ ಮ್ಯಾಲ. ಆದ್ರ ಬಹಳ ಕುದ್ರಿಗೆ ದವಡಿ ಹಲ್ಲಿನ ಮುಂದ, ಹೆಚ್ಚಾಗಿ ಮ್ಯಾಲಿನ ಸಾಲಿನಾಗ, ಒಂದ ಸಣ್ಣ ಕಡ್ಡಿಯಂಥಾ ಹಲ್ಲು ಬಂದಿರ್ತೈತಿ, ಡಾಕ್ಟರ್ ಮಂದಿ ಅದಕ್ಕ ವುಲ್ಫ್ ಟೂತ್ ಅಂತಾರ, ಆರು ತಿಂಗಳಿಂದ ವರ್ಷದೊಳಗ ಅದು ಹೊರಗ ಬರ್ತೈತಿ, ಕೆಲವೊಮ್ಮೆ ಒಸಡಿನ ಒಳಗ ಮುಚ್ಚಿಕೊಂಡ ಇರ್ತೈತಿ. ಕಬ್ಬಿಣ ಅದಕ್ಕ ತಾಗಿದ್ರ ಕುದ್ರಿ ಜೀವ ಝಲ್ ಅಂತೈತಿ. ಜೊತಿಗೆ 2½ ವರ್ಷದಿಂದ 4 ವರ್ಷದೊಳಗ ದವಡಿಯ 12 ಹಾಲಹಲ್ಲು ಒಂದೊಂದಾಗಿ ಬೀಳ್ತಾವ, ನಾವು ಲಗಾಮು ಕಲಸೋ ವಯಸ್ಸೂ ಸರಿಯಾಗಿ ಅದ! ಒಸಡು ಬಾತಿರೋ ವಾರದಾಗ ನೀವು ಎಷ್ಟ ಪ್ರೀತಿಲೆ ಹಾಕಿದ್ರೂ ಅದು ಒಲ್ಲೆ ಅಂತೈತಿ, ಅದು ಹಟ ಅಲ್ಲ, ನೋವು. ಗಂಡು ಕುದ್ರಿಗೆ 4-5 ವರ್ಷಕ್ಕ ಕೋರೆ ಹಲ್ಲು ಬೇರೆ ಬರ್ತಾವ. ದವಡಿ ಹಲ್ಲಿನ ಅಂಚು ಮ್ಯಾಲಿನ ಸಾಲಿನಾಗ ಗಲ್ಲದ ಕಡೆ, ಕೆಳಗಿನ ಸಾಲಿನಾಗ ನಾಲಗಿ ಕಡೆ ಚೂಪಾಗ್ತಾವ, ಹಂಗ ಆಗಿದ್ರ ಪಟ್ಟಿ ಬಿಗದಕೂಡ್ಲೆ ಗಲ್ಲದ ಒಳಮೈ ಕೊಯ್ತೈತಿ. ಸರ್ಕಾರಿ ಪಶು ಆಸ್ಪತ್ರಿಯೊಳಗ ಕೇಳ್ರಿ, ಗದಗಿನಾಗ ವೆಟರ್ನರಿ ಕಾಲೇಜೂ ಐತಿ. ಹೋದಾಗ ಧನುರ್ವಾಯು ಇಂಜೆಕ್ಷನ್ ಆಗೇತೋ ಇಲ್ಲೋ ಅದನ್ನೂ ಕೇಳ್ಕೊಂಡ ಬರ್ರಿ, ಕುದ್ರಿಗೆ ಧನುರ್ವಾಯು ಲಗೂನ ಹತ್ತತೈತಿ, ಸಣ್ಣ ಗಾಯ ಸಾಕು.

ಕಿವಿನೂ ಟಾರ್ಚ್ ಹಾಕಿ ನೋಡ್ರಿ. ಒಳಗ ಉಣ್ಣಿ ಹತ್ತಿರ್ತಾವ, ನೊಣ ಕಡದು ಹುಣ್ಣಾಗಿರ್ತೈತಿ, ನಾವು "ಇದು ಕಿವಿ ಮುಟ್ಟಸ್ಕೊಳಂಗಿಲ್ರೀ, ಬಾಳ ಸೊಕ್ಕು" ಅಂತೀವಿ.

ಸಾಮಾನು ಯಾವುದು ತಗೋಬೇಕು? ಎಳೆ ಕುದ್ರಿಗೆ ಸಾದಾ ಕಡಿವಾಣ ಸಾಕು, ನಡುವ ಒಂದು ಅಥವಾ ಎರಡು ಕೀಲು ಇದ್ದದ್ದು, ಎರಡೂ ಕಡೆ ಬಳಿ ಇದ್ದದ್ದು, ದಪ್ಪ ಒಂದು 14-16 ಮಿಲಿಮೀಟರ್. ಬಾಳ ದಪ್ಪ ಇದ್ರ ಮೆತ್ತಗ ಅಂತಾರ, ಆದ್ರ ಸಣ್ಣ ಬಾಯಿಗೆ ಅದು ಹಿಡಸಂಗಿಲ್ಲ, ನಾಲಗಿ ಇಡಾಕ ಜಾಗನ ಇರಂಗಿಲ್ಲ. ಅಗಲ ನೋಡಾಕ ಒಂದ ಸಣ್ಣ ಸುತಳಿ ಹಗ್ಗ ಬಾಯ್ಯಾಗ ಅಡ್ಡ ಹಾಕಿ ಎರಡೂ ತುಟಿ ಮೂಲಿ ಹತ್ರ ಗುರ್ತು ಮಾಡ್ರಿ, ಅದಕ್ಕ ಒಂದು ಸೆಂಟಿಮೀಟರ್ ಕೂಡಸ್ರಿ, ನಮ್ಮ ಕಡೆ ಕುದ್ರಿಗೆ ಸಾಧಾರಣ 4½ ರಿಂದ 5 ಇಂಚಿನೊಳಗ ಬರ್ತೈತಿ. ಮುಳ್ಳಿನ ಕಡಿವಾಣ ಅಂತ ಮಾರ್ತಾರಲ್ಲ, ಒಳಗ ಹಲ್ಲು ಇದ್ದದ್ದು, ಸೊಕ್ಕಿನ ಕುದ್ರಿಗೆ ಇದ ಬೇಕು ಅಂತ, ಅದನ್ನ ಮುಟ್ಟಬ್ಯಾಡ್ರಿ. ಭಾರ ಎಳಿಯೋ ಹೊರೋ ಪ್ರಾಣಿಗಳ ಬಗ್ಗೆ 1965ರಾಗ ಬಂದ ಕೇಂದ್ರದ ನಿಯಮದಾಗ ಮುಳ್ಳಿದ್ದ ಕಡಿವಾಣ ಬಳಸಬಾರದು ಅಂತ ಐತಿ. ಕಾನೂನು ಬಿಡ್ರಿ, ಒಮ್ಮೆ ಒಸಡು ಕೊಯ್ದು ಗಾಯ ಮಾದ ಮ್ಯಾಲ ಆ ಜಾಗ ಜಡ್ಡುಗಟ್ಟತೈತಿ, ಆಮ್ಯಾಲ ಎಷ್ಟ ಎಳದ್ರೂ ಕುದ್ರಿಗೆ ಗೊತ್ತಾಗಂಗಿಲ್ಲ, ಇನ್ನೂ ಚೂಪು ಬೇಕು ಅಂತೀರಿ, ಅದಕ್ಕ ಕೊನಿ ಇಲ್ಲ.

ಇನ್ನೊಂದ ಕುದ್ರಿ ಕಡಿವಾಣ ಹಂಗ ತಂದು ಇದಕ್ಕ ಹಾಕೋದು ಬ್ಯಾಡ. ಗ್ಲ್ಯಾಂಡರ್ಸ್ ಅಂತ ರೋಗ ಐತಿ, ಮೂಗಿನ ಸಿಂಬಳದಿಂದ, ಒಂದ ಬಕೆಟ್ಟು ಒಂದ ಸಾಮಾನು ಹಂಚ್ಕೊಂಡ್ರ ಹರಡತೈತಿ, ಮನುಷ್ಯಾರಿಗೂ ಬರ್ತೈತಿ. ಮದವಿ ಸೀಜನ್ನಾಗ ನಾಲ್ಕ ಊರಿನ ಕುದ್ರಿ ಒಂದ ಕಡೆ ಸೇರಿದಾಗ ಇದು ನೆನಪಿರ್ಲಿ.

ಈಗ ಕೆಲಸಕ್ಕ ಬರೂನು. ಜಾಗ ಒಣಗಿದ್ದು ಇರ್ಬೇಕು. ಮಳಿಗಾಲದಾಗ ಎರಿ ಹೊಲದ ಬದಿಗೆ ಈ ಕೆಲಸ ಇಟ್ಕೊಂಡ್ರ ಕುದ್ರಿನೂ ಜಾರತೈತಿ, ನೀವೂ ಜಾರತೀರಿ. ದೀಪಾವಳಿ ವಾರದಾಗ ಶುರು ಮಾಡಬ್ಯಾಡ್ರಿ, ಹಾವೇರಿ ಕಡೆ ಹೋರಿ ಹಬ್ಬ ಇರ್ತೈತಿ, ಪಟಾಕಿ, ಕೂಗಾಟ, ಹೋಳಿ ಟೈಮಿನಾಗ ಹಲಗಿ. ಕುದ್ರಿ ಆ ಸಪ್ಪಳದ ಅಂಜಿಕಿನ್ನ ನಿಮ್ಮ ಕೈಯಾಗಿನ ಲಗಾಮಿಗೆ ಜೋಡಸಿಬಿಡತೈತಿ. ಮುಂಜಾನೆ, ಮೇವು ತಿಂದು ಒಂದಿಷ್ಟು ತಿರಗಾಡಿ ಬಂದ ಮ್ಯಾಲ ಛಲೋ ಟೈಮು. ಹಸದ ಕುದ್ರಿ ಬರೇ ಬೆಲ್ಲದ ಕಡೆ ನೋಡತೈತಿ, ಕೈ ಕಚ್ಚತೈತಿ. ನೀವು ಚಪ್ಪಲಿ ಬಿಟ್ಟು ಬೂಟು ಹಾಕ್ಕೊರಿ, ಮತ್ತ ಕೈ ತೊಳಕೊರಿ. ಬ್ಯಾಡಗಿ ಮೆಣಸಿನಕಾಯಿ ಬಿಡಸಿ ಬಂದ ಕೈಯಿಂದ ಅದರ ಬಾಯ್ಯಾಗ ಬಟ್ಟು ಇಟ್ರ ಮುಂದ ಬಾಯಿ ತಗದೀತ ಹೆಂಗ್ರಿ!

ಕುದ್ರಿಗೆ ಹಣಿ ಮುಂದ ಕಾಣಂಗಿಲ್ಲ, ಬೆನ್ನ ಹಿಂದನೂ ಕಾಣಂಗಿಲ್ಲ. ಅದಕ್ಕ ಎದುರ ನಿಂತು ಕೈ ಎತ್ತಿದ್ರ ಆ ಕೈ ಒಮ್ಮೆಕ್ಲೆ ಎಲ್ಲಿಂದ ಬಂತೋ ಗೊತ್ತಾಗಲಾರದ ತಲಿ ಎತ್ತತೈತಿ. ಎಡಗಡೆ ಭುಜದ ಹತ್ರ ನಿಂದರ್ರಿ, ಕುತ್ತಿಗಿ ಮುಟ್ರಿ, ಅಲ್ಲಿಂದ ಕೈ ಜರಗಿಸ್ಕೋತ ಗಲ್ಲ, ಹಣಿ, ಕಿವಿ ಬುಡ. ನಿಮ್ಮ ಮುಖ ಅದರ ತಲಿ ಮ್ಯಾಲ ಬಾಗಸಬ್ಯಾಡ್ರಿ, ಝಾಡಿಸಿ ಎತ್ತಿದ್ರ ಮೂಗು ಒಡೀತೈತಿ.

ಕೈ ಇಡೋದಕ್ಕಿಂತ ಕೈ ತಗಿಯೋದು ಯಾವಾಗ ಅನ್ನೋದರ ಮ್ಯಾಲ ಎಲ್ಲಾ ನಿಂತೈತಿ. ಕುದ್ರಿ ಝಾಡಿಸಿದಾಗ ಕೈ ತಗದ್ರಿ ಅಂದ್ರ ಝಾಡಿಸಿದ್ರ ಕೈ ಹೋಗ್ತೈತಿ ಅಂತ ಅದು ಕಲೀತೈತಿ. ಅದಕ್ಕ ಅದು ಅಲಗಾಡೂಕಿಂತ ಮೊದ್ಲ, ಇನ್ನೂ ಸುಮ್ನ ನಿಂತಾಗ, ನೀವ ಕೈ ತಗೀರಿ. ಕಿವಿ ಬುಡಕ್ಕ ಒಂದು ಸೆಕೆಂಡ್ ತಾಗಿಸಿ ತಗೀರಿ, ಮತ್ತ ಎರಡು ಸೆಕೆಂಡ್, ಆಮ್ಯಾಲ ಕಿವಿ ಪೂರ್ತಿ ಮುಷ್ಟಿಯೊಳಗ ಹಗೂರಕ ಹಿಡದು ಮುಂದಕ್ಕ ಬಾಗಸಿ ಬಿಡ್ರಿ, ಯಾವತ್ತೂ ಮುಂದಕ್ಕ, ಹಿಂದಕ್ಕ ಮಡಚಬ್ಯಾಡ್ರಿ. ಮಾರವಾಡಿ, ಕಾಠಿಯಾವಾಡಿ ತಳಿ ಇದ್ರ ಇನ್ನೂ ಜ್ವಾಕಿ, ಅವುಗಳ ಕಿವಿ ತುದಿ ಒಳಗ ಬಾಗಿ ಒಂದಕ್ಕೊಂದು ತಾಗೂವಂಗ ಇರ್ತಾವ, ಪಟ್ಟಿಯೊಳಗಿಂದ ದಾಟಸುವಾಗ ತುದಿ ಸಿಕ್ಕಿಕೊಂಡು ಎಳಿತೈತಿ.

ಕಿವಿ ಆದ ಮ್ಯಾಲ ತಲಿ ತಗ್ಗಸೋದು ಕಲಸ್ರಿ, ಇದನ್ನ ಕಲಿಸಿದ್ರ ಅರ್ಧ ಕೆಲಸ ಮುಗದಂಗ. ಕಿವಿ ಹಿಂದ ನೆತ್ತಿ ಮ್ಯಾಲ ಅಂಗೈ ಇಟ್ಟು ಸಾವಕಾಶ ಒತ್ರಿ, ಒತ್ತೋದಂದ್ರ ದಬ್ಬೋದಲ್ಲ, ಭಾರ ಇಟ್ಟಂಗ ಇಟ್ಟು ಕಾಯೋದು. ಒಂದ ಇಂಚು ತಗ್ಗಿಸ್ತು ಅಂದ್ರ ಕೈ ತಗದುಬಿಡ್ರಿ, ಗಜ್ಜರಿ ತುಂಡು ಕೊಡ್ರಿ. ತಲಿ ಎತ್ತಿದ್ರ ಕೈ ಅದರ ಜೋಡಿ ಮ್ಯಾಲ ಹೋಗ್ಲಿ, ಆದ್ರ ಬಿಡಬ್ಯಾಡ್ರಿ. ದಿನಾ ಸ್ವಲ್ಪ ಸ್ವಲ್ಪ ಮಾಡಿದ್ರ ನೀವು ಕೈ ಇಟ್ಟಕೂಡ್ಲೆ ತಲಿ ನಿಮ್ಮ ಎದಿಮಟ್ಟಕ್ಕ ಬಂದು ನಿಂದರ್ತೈತಿ, ಆಮ್ಯಾಲ ಎತ್ತರದ ಕುದ್ರಿಗೆ ಸ್ಟೂಲ್ ಹಾಕೋ ಪ್ರಶ್ನೆ ಬರಂಗಿಲ್ಲ.

ಇಷ್ಟಾತು ಅಂದ್ರೂ ಕಬ್ಬಿಣ ತರಬ್ಯಾಡ್ರಿ. ಮೊದ್ಲ ಮೆತ್ತನ ಹತ್ತಿ ಹಗ್ಗ ಮೂಗಿನ ಮ್ಯಾಲ, ತುಟಿ ಮ್ಯಾಲ ಆಡಸ್ರಿ. ಆಮ್ಯಾಲ ಕಡಿವಾಣ ಬಿಚ್ಚಿದ ಬರೇ ಪಟ್ಟಿ ತಲಿಗೆ ಹಾಕಿ ತಗೀರಿ. ಹಣಿಪಟ್ಟಿ, ಮೂಗಪಟ್ಟಿ ಎರಡೂ ಬಿಚ್ಚಿಡ್ರಿ, ಕಿವಿ ದಾಟಸೋದು ಹಗೂರ ಆಗ್ತೈತಿ. ಕಿವಿಗೆ ಇನ್ನೂ ಬಾಳ ಅಂಜತೈತಿ ಅಂದ್ರ ಎಡಗಡೆ ಗಲ್ಲದ ಪಟ್ಟಿಯ ಬಕಲ್ ಬಿಚ್ಚಿ, ನೆತ್ತಿ ಪಟ್ಟಿ ಕುತ್ತಿಗಿ ಮ್ಯಾಲಿಂದ ಆಚಿ ಕಡಿಯಿಂದ ತಂದು, ಈಚಿ ಕಡೆ ಬಕಲ್ ಹಾಕ್ರಿ, ಕಿವಿ ಮುಟ್ಟೋ ಕೆಲಸನ ಇಲ್ಲ. ಇದು ಸುಮಾರು ಮಂದಿಗೆ ಗೊತ್ತಿಲ್ಲ, ಗೊತ್ತಿದ್ದವರು ಇದು ಸೋತಂಗ ಅಂತ ಮಾಡಂಗಿಲ್ಲ. ಏನ ಸೋಲ್ರಿ ಅದರಾಗ, ಬಕಲ್ ಕೊಟ್ಟಿದ್ದ ಬಿಚ್ಚಾಕ.

ಬಾಯಿ ತಗಸೋದು ಬೇರೆ ಪಾಠ, ಬೇರೆ ದಿನ ಮಾಡ್ರಿ. ಎಡಗೈ ಹೆಬ್ಬಟ್ಟು ತುಟಿ ಮೂಲಿಯಿಂದ ಒಳಗ, ಆ ಹಲ್ಲಿಲ್ಲದ ಜಾಗಕ್ಕ ಇಡ್ರಿ, ಒಸಡು ಅಥವಾ ನಾಲಗಿ ಮ್ಯಾಲ ಹಗೂರ ಒತ್ರಿ, ಬಾಯಿ ತಾನ ತಗೀತೈತಿ. ತಗದಕೂಡ್ಲೆ ಬಟ್ಟು ಹೊರಗ. ಮುಂದಿನ ಹಲ್ಲಿನ ಕಡೆ ಬಟ್ಟು ಜಾರಿದ್ರ ಕಡಿತೈತಿ, ಹಿಂದ ದವಡಿ ಕಡೆ ಹೋದ್ರ ಇನ್ನೂ ಕೆಟ್ಟ, ಹಂಗಾಗಿ ಜಾಗ ಕಣ್ಣಲೆ ನೋಡಿ ಖಾತ್ರಿ ಮಾಡ್ಕೊಂಡ ಕೈ ಹಾಕ್ರಿ. ಬಟ್ಟಿಗೆ ಬೆಲ್ಲ ಹಚ್ಕೊಂಡ್ರ ಲಗೂನ ಕಲೀತೈತಿ.

ಆಮ್ಯಾಲ ಕಬ್ಬಿಣ. ಧಾರವಾಡದ ಚಳಿಯೊಳಗ ಮುಂಜಾನೆ ಕಬ್ಬಿಣ ಕೊರೀತಿರ್ತೈತಿ, ಬಿಸಿನೀರಾಗ ಅದ್ದಿ ಒರಸ್ರಿ ಅಥವಾ ಕೈಯಾಗ ತಿಕ್ಕಿ ಬೆಚ್ಚಗ ಮಾಡ್ರಿ. ಗದಗಿನ ಬ್ಯಾಸಗಿಯೊಳಗ ಉಲ್ಟಾ, ಬಿಸಲಾಗ ಬಿದ್ದ ಕಡಿವಾಣ ಬಾಯಿ ಸುಡತೈತಿ, ಮೊದ್ಲ ನಿಮ್ಮ ತುಟಿಗೆ ಹಚ್ಚಿ ನೋಡ್ರಿ. ಸ್ವಲ್ಪ ಬೆಲ್ಲ ಕರಗಿಸಿ ಕಬ್ಬಿಣಕ್ಕ ಸವರಿ.

ಎಡಗಡೆ, ಕುದ್ರಿ ನೋಡೋ ದಿಕ್ಕಿಗೇ ನೀವೂ ಮುಖ ಮಾಡಿ ನಿಂದರ್ರಿ. ಕಟ್ಟಿದ ಹಗ್ಗ ಬಿಚ್ಚಿ ಕುತ್ತಿಗಿಗೆ ಸಡಲ ಹಾಕಿರ್ರಿ, ಗೂಟಕ್ಕ ಬಿಗಿದು ಕಟ್ಟಿ ಕಲಸಬ್ಯಾಡ್ರಿ, ಹಿಂದಕ್ಕ ಜಗ್ಗಿದ್ರ ಹಗ್ಗ ಹರೀಬೇಕು ಇಲ್ಲಾ ಕುತ್ತಿಗಿ ಉಳಕಬೇಕು. ಬಲಗೈಯಾಗ ನೆತ್ತಿ ಪಟ್ಟಿ, ಆ ಕೈ ಎರಡು ಕಿವಿ ನಡುವ ನೆತ್ತಿ ಮ್ಯಾಲ ಇರ್ಲಿ, ಕೈ ಎಟಕಲಿಲ್ಲಂದ್ರ ದವಡಿ ಕೆಳಗಿಂದ ಸುತ್ತಿ ಮೂಗಿನ ಮ್ಯಾಲ ಹಿಡೀರಿ. ಎಡಗೈ ಅಂಗೈ ಮ್ಯಾಲ ಕಡಿವಾಣ ಚಪ್ಪಟಿ ಇಟ್ಟು ತುಟಿ ಹತ್ರ ಒಯ್ರಿ. ಇಲ್ಲಿ ಕಾಯ್ರಿ. ಮೂಸ್ಲಿ, ನೆಕ್ಲಿ. ಕೆಲವು ಕುದ್ರಿ ಬೆಲ್ಲದ ಆಸೆಗೆ ತಾವ ಬಾಯಿ ತಗೀತಾವ, ತಗೀಲಿಲ್ಲಂದ್ರ ಹೆಬ್ಬಟ್ಟು. ಬಾಯಿ ತಗದಾಗ ಎಡಗೈಯಿಂದ ದಬ್ಬಬ್ಯಾಡ್ರಿ, ಬಲಗೈ ಮ್ಯಾಲ ಎತ್ತಬೇಕು, ಕಬ್ಬಿಣ ತಾನ ಒಳಗ ಏರತೈತಿ, ಎಡಗೈ ಬರೇ ಹಲ್ಲಿಗೆ ತಾಗಲಾರದಂಗ ಕಾಯಬೇಕು. ನಿಮ್ಮ ಹಲ್ಲಿಗೆ ಯಾರರೆ ಸ್ಟೀಲ್ ಚಮಚ ಟಣ್ ಅಂತ ಬಡದ್ರ ಹೆಂಗ ಆಗ್ತೈತಿ, ಹಂಗ ಅದಕ್ಕೂ. ಕಬ್ಬಿಣ ಕೂತ ಮ್ಯಾಲ ಒಂದ ಕಿವಿ, ಆಮ್ಯಾಲ ಇನ್ನೊಂದು, ಜೂಲು ಸಿಕ್ಕಿದ್ರ ಬಿಡಸ್ರಿ.

ಅಳತಿ ಹಿಂಗ ನೋಡ್ರಿ: ತುಟಿ ಮೂಲಿಯೊಳಗ ಒಂದು ಸುಕ್ಕು, ಜಾಸ್ತಿ ಅಂದ್ರ ಎರಡು. ಹಣಿಪಟ್ಟಿ ಕೆಳಗ ಒಂದ ಬಟ್ಟು, ಮೂಗಪಟ್ಟಿ ಕೆಳಗ ಎರಡು ಬಟ್ಟು, ಗಂಟಲ ಪಟ್ಟಿಯೊಳಗ ನಾಲ್ಕು ಬಟ್ಟು ಅಡ್ಡ ಹಿಡಿಬೇಕು. ಕಬ್ಬಿಣ ತೀರಾ ಕೆಳಗ ಜೋತ್ರ ಕುದ್ರಿ ನಾಲಗಿ ಅದರ ಮ್ಯಾಲ ಹಾಕೋದು ಕಲೀತೈತಿ, ಅದು ಬಾಳ ಕೆಟ್ಟ ಚಟ, ಹತ್ತಿದ್ರ ಬಿಡಂಗಿಲ್ಲ.

ಮೊದಮೊದಲು ಐದ ನಿಮಿಷ, ಹತ್ತ ನಿಮಿಷ ಬಾಯ್ಯಾಗ ಇರ್ಲಿ ಸಾಕು. ಕಚಕಚ ಕಡೀತೈತಿ, ನೊರಿ ಬರ್ತೈತಿ, ತಲಿ ತಗ್ಗಸ್ತೈತಿ, ಇದೆಲ್ಲಾ ಛಲೋ ಲಕ್ಷಣ. ಗಜ್ಜರಿ ತುಂಡು ಕೊಟ್ರ ಕಬ್ಬಿಣ ಇದ್ರೂ ತಿನ್ನಾಕ ಬರ್ತೈತಿ ಅಂತ ಗೊತ್ತಾಗ್ತೈತಿ. ಲಗಾಮಿನ ಹಗ್ಗ ಜೋತು ಬಿಡಬ್ಯಾಡ್ರಿ, ಕಾಲಾಗ ಸಿಕ್ಕಿ ತುಳದ್ರ ದವಡಿ ಮುರಿಯೋ ಮಟ ಹೋಗ್ತೈತಿ. ಲಗಾಮಿನಿಂದ ಗ್ವಾದಲಿಗೆ ಕಟ್ಟಬ್ಯಾಡ್ರಿ. ಇಟ್ಟು ಚಾ ಕುಡ್ಯಾಕ ಹೋಗಬ್ಯಾಡ್ರಿ.

ಈಗ ತಗಿಯೋದು. ಎಲ್ಲಾರೂ ಇಲ್ಲಿ ಅವಸರ ಮಾಡ್ತಾರ, ಕೆಲಸ ಆತಲ್ಲ ಮನಿಗೆ ಹೋಗೂನು ಅಂತ ನೆತ್ತಿ ಪಟ್ಟಿ ಹಿಡದು ಸರ್ರ್ ಅಂತ ಎಳೀತಾರ. ಕುದ್ರಿ ಬಾಯಿ ಇನ್ನೂ ಮುಚ್ಚಿರ್ತೈತಿ, ಕಬ್ಬಿಣ ಕೆಳಗಿನ ಮುಂದಿನ ಹಲ್ಲಿಗೆ ಸಿಕ್ಕಿಕೊಳ್ತೈತಿ, ಅಂಜಿ ತಲಿ ಎತ್ತತೈತಿ, ತಲಿ ಎತ್ತಿದಷ್ಟು ಇನ್ನೂ ಗಟ್ಟಿ ಸಿಗತೈತಿ, ಹಿಂದಕ್ಕ ಜಿಗೀತೈತಿ. ಇದು ಒಂದ ಸಲ ಆದ್ರ ಸಾಕು, ನಾಳೆ ಲಗಾಮು ಹಿಡಕೊಂಡು ಬಂದವರನ್ನ ನೋಡಿ ಅದು ಏನ ನೆನಸ್ಕೊಳ್ತೈತಿ ಹೇಳ್ರಿ? ನಾವು ಮಾತ್ರ ಹಾಕೋದ್ರಾಗ ಏನ ತಪ್ಪಾತು ಅಂತ ಹುಡಕ್ಕೋತ ಕುಂದರ್ತೀವಿ.

ಸರಿ ದಾರಿ ಹಿಂಗ. ಮೂಗಪಟ್ಟಿ, ಗಂಟಲ ಪಟ್ಟಿ ಮೊದ್ಲ ಪೂರ್ತಿ ಬಿಚ್ರಿ. ತಲಿ ತಗ್ಗಸಾಕ ಹೇಳ್ರಿ, ಕಲಿಸಿದ್ದ ಪಾಠ ಇಲ್ಲಿ ಕೆಲಸಕ್ಕ ಬರ್ತೈತಿ. ಎರಡೂ ಕಿವಿ ದಾಟಿಸಿ ಪಟ್ಟಿ ಮುಂದಕ್ಕ ತರ್ರಿ, ಆದ್ರ ಕೆಳಗ ಇಳಸಬ್ಯಾಡ್ರಿ, ಅದ ಎತ್ತರದಾಗ ಹಿಡದು ನಿಂದರ್ರಿ. ಕುದ್ರಿ ನಾಲಗಿ ಆಡಸ್ತೈತಿ, ಬಾಯಿ ತಗೀತೈತಿ, ಕಬ್ಬಿಣ ತಾನ ಉಗುಳಿದಂಗ ಮಾಡ್ತೈತಿ, ಅವಾಗ ಸಾವಕಾಶ ಅದರ ಜೋಡಿ ಕೈ ಇಳಸ್ರಿ. ನೀವು ತಗದಿದ್ದಲ್ಲ, ಅದು ಬಿಟ್ಟಿದ್ದು. ಎಲ್ಲೋ ಹಲ್ಲಿಗೆ ಸಿಕ್ಕಿತು ಅನಸಿದ್ರ ಎಳೀಬ್ಯಾಡ್ರಿ, ಪಟ್ಟಿ ವಾಪಸ್ ಮ್ಯಾಲ ಎತ್ತಿ ಸಡಲ ಕೊಟ್ಟು ಮತ್ತ ಕಾಯ್ರಿ. ತಗದ ಮ್ಯಾಲ ಕೂಡ್ಲೆ ಬಿಟ್ಟು ಓಡಸಬ್ಯಾಡ್ರಿ, ಒಂದ ನಿಮಿಷ ಹಣಿ ತಿಕ್ರಿ, ಆದ್ರ ಅದು ತಲಿ ನಿಮ್ಮ ಮೈಗೆ ಉಜ್ಜಾಕ ಬಂದ್ರ ಬಿಟ್ಟುಕೊಡಬ್ಯಾಡ್ರಿ, ಇವತ್ತು ಚಂದ ಕಾಣತೈತಿ, ನಾಳೆ 300-400 ಕೆಜಿ ಪ್ರಾಣಿ ಉಜ್ಜಿದ್ರ ನೀವು ಗ್ವಾದಲ್ಯಾಗ ಇರ್ತೀರಿ.

ಆಗಲೇ ಕೆಟ್ಟ ಕುದ್ರಿ ಕೊಂಡು ತಂದಿದ್ರ? ಹಲ್ಲು ಕಚ್ಚಿ ನಿಂದರೋ ಕುದ್ರಿಗೆ ಕಬ್ಬಿಣ ಬಿಟ್ಟು ಹೆಬ್ಬಟ್ಟಿನ ಪಾಠಕ್ಕ ವಾಪಸ್ ಹೋಗ್ರಿ. ತಲಿ ಎತ್ತೋದಕ್ಕ ನೆತ್ತಿ ಪಾಠ. ಕಿವಿ ಅಂಜಿಕಿಗೆ ಬಕಲ್ ದಾರಿ, ತಿಂಗಳು ಬೇಕಾದ್ರ ತಿಂಗಳು. ಲಗಾಮು ನೋಡಿದ್ರನ ಓಡತೈತಿ ಅಂದ್ರ ಅದನ್ನ ಗ್ವಾದಲಿ ಹತ್ರ ಗೂಟಕ್ಕ ತೂಗಹಾಕಿ ಅದರ ಬಾಜೂಕ ಹುರಳಿ, ಕಡ್ಲಿ ತಿನಸ್ರಿ, ಕೈಯಾಗ ಹಿಡಕೊಂಡು ಹೋಗಿ ಏನೂ ಮಾಡಲಾರದ ಬರ್ರಿ. ತುಟಿಗೆ ಹಗ್ಗ ತಿರುವೋದು, ಕಿವಿ ಹಿಂಡೋದು ಬ್ಯಾಡ, ಆ ಕುದ್ರಿಗೆ ಅದೆಲ್ಲಾ ಮೊದ್ಲ ಆಗೇತಿ, ಅದಕ್ಕ ಹಿಂಗ ಆಗೇತಿ.

ಗಾಡಿಗೆ ಹೂಡೋ ಕುದ್ರಿ ಇದ್ರ ಕಣ್ಣಪಟ್ಟಿ ಎಲ್ಲಾ ಮುಗದ ಮ್ಯಾಲ ಕೊನಿಗೆ ಹಾಕ್ರಿ, ಕಾಣಲಾರದ ಕುದ್ರಿಗೆ ಹೊಸಾದು ಕಲಸಾಕ ಆಗಂಗಿಲ್ಲ. ಲಗಾಮು ಒಪ್ಪಿತು ಅಂತ ಮ್ಯಾಲ ಕುಂದರೋ ಅವಸರನೂ ಬ್ಯಾಡ, ಎರಡು ವರ್ಷದ ಮರಿ ಬೆನ್ನೆಲಬು ಇನ್ನೂ ಬಲ್ತಿರಂಗಿಲ್ಲ.

ಪ್ರತಿ ಸಲ ತಗದ ಮ್ಯಾಲ ಕಬ್ಬಿಣ ತೊಳೀರಿ, ಒಣಗಿದ ನೊರಿ, ಮೇವಿನ ಕಡ್ಡಿ ಅಂಟಿದ್ರ ನಾಳೆ ತುಟಿ ಮೂಲಿ ಕೆರೀತೈತಿ. ಚರ್ಮದ ಪಟ್ಟಿಗೆ ಧಾರವಾಡದ ಮಳಿಗಾಲದಾಗ ಬೂಸ್ಟು ಹಿಡದು ಬಿರುಸಾಗ್ತೈತಿ, ಒರಸಿ ಸ್ವಲ್ಪ ಹರಳೆಣ್ಣಿ ತಿಕ್ರಿ, ಕಬ್ಬಿಣಕ್ಕ ಎಣ್ಣಿ ಹತ್ತಬಾರದು. ಮದವಿಗೆ ಮೊದಲನೇ ಸಲ ಒಯ್ಯೋದಿದ್ರ ಲಗಾಮು ಹೊಸದು, ಬ್ಯಾಂಡ್ ಹೊಸದು, ಲೈಟು ಹೊಸದು ಅಂತ ಎಲ್ಲಾ ಒಂದ ರಾತ್ರಿ ಇಟ್ಕೋಬ್ಯಾಡ್ರಿ, ಪಳಗಿದ ಹಳೇ ಕುದ್ರಿ ಜೋಡಿ ಮೆರವಣಿಗಿ ಹಿಂದ ಹಿಂದ ಬರೇ ನಡಸಿಕೊಂಡು ಬರ್ರಿ, ಮದುಮಗನ್ನ ಆ ಹಳೇದರ ಮ್ಯಾಲ ಕೂಡಸ್ರಿ.